ಬಳ್ಳಾರಿ ಬಿಸಿಲು ತಡೆಯುವ ಗೇಮಿಂಗ್ ಕಂಪ್ಯೂಟರ್

ಅಣ್ಣನ ಮಗನಿಗೆ ಕಂಪ್ಯೂಟರ್ ಕೊಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗ ಈಗ ಫಸ್ಟ್ ಪಿಯುಸಿ, ಸೈನ್ಸ್ ತಗೊಂಡಿದ್ದಾನೆ. ಓದೋಕೂ ಬೇಕು, ಆಡೋಕೂ ಬೇಕು ಅಂತ ಮುಚ್ಚುಮರೆ ಇಲ್ಲದೆ ಹೇಳಿದ. ನನಗೆ ಅದೇ ಇಷ್ಟವಾಯಿತು. ಅಣ್ಣ ಮಾತ್ರ ಒಂದೇ ಮಾತಲ್ಲಿ ಮುಗಿಸಿದ: "ನೋಡವ್ವಾ, 50 ಸಾವಿರ. ಎಲ್ಲಾ ಅದರೊಳಗ ಆಗಬೇಕು." ಎಲ್ಲಾ ಅಂದರೆ ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಕೂಡ.

ನಾನು ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ವ್ಯಾಲರಂಟ್ ಅನ್ನುವ ಆನ್‌ಲೈನ್ ಶೂಟಿಂಗ್ ಆಟ ಆಡುತ್ತೇನೆ. ನನ್ನ ಕಂಪ್ಯೂಟರನ್ನು ನಾನೇ ಬಿಚ್ಚಿ, ಒರೆಸಿ, ಜೋಡಿಸಿಕೊಳ್ಳುತ್ತೇನೆ. ನೆಂಟರಲ್ಲಾಗಲಿ ಯೂನಿಟ್‌ನಲ್ಲಾಗಲಿ ಯಾರಾದರೂ ಕಂಪ್ಯೂಟರ್ ತಗೊಳ್ಳುವುದಿದ್ದರೆ ಮೊದಲು ನನಗೆ ಫೋನ್ ಬರುತ್ತದೆ. ಪ್ರತಿ ಸಲವೂ ಅದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು. ಕಂಪ್ಲಿ, ಸಿರುಗುಪ್ಪ, ಸಂಡೂರು ಕಡೆಯವರಿಗೂ ಉಪಯೋಗ ಆಗಬಹುದು. ರಾಯಚೂರು, ಕೊಪ್ಪಳದವರ ಕಷ್ಟವೂ ಹೆಚ್ಚುಕಡಿಮೆ ಇದೇ ಅಲ್ವಾ.

ಯೂಟ್ಯೂಬ್‌ನಲ್ಲಿ 50 ಸಾವಿರದ ಗೇಮಿಂಗ್ ಪಿಸಿ ಅಂತ ಹುಡುಕಿದರೆ ಸಾಲು ಸಾಲು ವಿಡಿಯೋ ಸಿಗುತ್ತವೆ. ಅವರ ಲೆಕ್ಕ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ನಿಂದ ಶುರುವಾಗುತ್ತದೆ. ಅರ್ಧದಷ್ಟು ದುಡ್ಡು ಅದಕ್ಕೇ ಹೋಗುತ್ತದೆ. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್, ಹೊರಗಿನ ಡಬ್ಬಿಯಾದ ಕ್ಯಾಬಿನೆಟ್ ಎಲ್ಲ ಉಳಿದ ದುಡ್ಡಲ್ಲಿ. ಯುಪಿಎಸ್ ಮಾತೇ ಬರುವುದಿಲ್ಲ. ಎಸಿ ರೂಮಲ್ಲಿ ಕೂತು, ಕರೆಂಟ್ ಹೋಗದ ಊರಲ್ಲಿ ಆಡುವವರಿಗೆ ಅದು ಸರಿಯೇ. ನಮ್ಮೂರಲ್ಲಿ ಆ ಲೆಕ್ಕವನ್ನು ತಲೆಕೆಳಗು ಮಾಡಬೇಕು. ಕರೆಂಟ್ ಹೇಗಿದೆ, ಶಖೆ ಎಷ್ಟು, ಧೂಳು ಎಷ್ಟು, ಇಂಟರ್ನೆಟ್ ಲೈನ್ ಎಂಥದ್ದು, ಇವನ್ನು ಮೊದಲು ನೋಡಬೇಕು. ಆಮೇಲೆ ಕಂಪ್ಯೂಟರ್‌ನ ಮೆದುಳಾದ ಪ್ರೊಸೆಸರ್. ಕಾರ್ಡ್ ಕೊನೆಗೆ. ಆನ್‌ಲೈನ್ ಆಟಕ್ಕೇ ಆದರೆ ಕಾರ್ಡ್ ಇಲ್ಲದೆಯೂ ಶುರು ಮಾಡಬಹುದು.

ಅದಕ್ಕಿಂತ ಮುಂಚೆ ಮನೆಯವರ ಭಯ ಕಳೆಯಬೇಕು. ಆನ್‌ಲೈನ್ ಗೇಮ್ ಅಂದ ಕೂಡಲೇ ನಮ್ಮ ಅತ್ತಿಗೆಗೆ ರಮ್ಮಿ ನೆನಪಾಯಿತು. ರಮ್ಮಿ ಆಪ್‌ಗೆ ಸಂಬಳ ಸುರಿದು ಸಾಲ ಮಾಡಿಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ, ಅವರ ಭಯ ಸುಳ್ಳಲ್ಲ. ನಾನು ಕೂತು ಬಿಡಿಸಿ ಹೇಳಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ಅದು ನಿಷೇಧಿಸಿದೆ. ಇ-ಸ್ಪೋರ್ಟ್ಸ್, ಅಂದರೆ ಪಂದ್ಯದಂತೆ ಆಡುವ ವಿಡಿಯೋ ಗೇಮ್, ಬೇರೆ ಅಂತ ಅದೇ ಕಾಯ್ದೆ ಒಪ್ಪಿಕೊಂಡಿದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2 ಎಲ್ಲಾ ಪುಕ್ಕಟೆ ಇಳಿಸಿಕೊಂಡು ಆಡುವ ಆಟಗಳು. ಆದರೆ ಬಂದೂಕಿನ ಬಣ್ಣ, ಪಾತ್ರದ ವೇಷ ಅಂತ ಸ್ಕಿನ್ ಮಾರುತ್ತಾರೆ. ಕೌಂಟರ್ ಸ್ಟ್ರೈಕ್‌ನಲ್ಲಿ ಒಳಗೆ ಯಾವ ಸ್ಕಿನ್ ಇದೆಯೋ ಗೊತ್ತಿಲ್ಲದ ಕೇಸ್ (ಪೆಟ್ಟಿಗೆ) ದುಡ್ಡು ಕೊಟ್ಟು ತೆರೆಯುವುದಂತೂ ಅದೃಷ್ಟದ ಆಟವೇ. ಹುಡುಗನಿಗೆ ಒಂದೇ ಷರತ್ತು ಹಾಕಿದ್ದೇನೆ: ಆಟದ ಅಕೌಂಟ್‌ಗೆ ಯಾವ ಯುಪಿಐಯನ್ನೂ ಬ್ಯಾಂಕ್ ಕಾರ್ಡನ್ನೂ ಜೋಡಿಸಬಾರದು. ಅವನು ಒಪ್ಪಿದ. ಅತ್ತಿಗೆಯೂ ಒಪ್ಪಿದರು.

ಯಾವ ಆಟ ಆಡುತ್ತೀಯ ಅಂತ ಕೇಳದೆ ಕಂಪ್ಯೂಟರ್ ಆರಿಸಲು ಹೋಗಬೇಡಿ. ಇವನಿಗೆ ವ್ಯಾಲರಂಟ್ ಮುಖ್ಯ, ಗೆಳೆಯರ ಜೊತೆ ಆಗಾಗ ಕೌಂಟರ್ ಸ್ಟ್ರೈಕ್. ವ್ಯಾಲರಂಟ್ 2020ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಹಳೆ ಕಂಪ್ಯೂಟರ್‌ನಲ್ಲೂ ಓಡಲಿ ಅಂತಲೇ ರಯಟ್ ಗೇಮ್ಸ್‌ನವರು ಅದನ್ನು ಹಗುರವಾಗಿ ಕಟ್ಟಿದ್ದಾರೆ. ಬಿಡುಗಡೆಯ ಹೊತ್ತಿಗೆ ಅವರು ಕೇಳಿದ ಕನಿಷ್ಠ ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000. ಅದು 2012ರ ಪ್ರೊಸೆಸರ್‌ಗಳ ಒಳಗೇ ಇರುತ್ತಿದ್ದ ಗ್ರಾಫಿಕ್ಸ್. ಸೆಕೆಂಡಿಗೆ 144ಕ್ಕಿಂತ ಜಾಸ್ತಿ ಫ್ರೇಮ್ (ಚಿತ್ರ) ಬೇಕು ಅನ್ನುವವರಿಗೂ ಅವರು ಹೇಳಿದ್ದು ಜಿಟಿಎಕ್ಸ್ 1050 ಟಿಐ, 2016ರ ಕಾರ್ಡ್. ಕೌಂಟರ್ ಸ್ಟ್ರೈಕ್ 2 ಸ್ವಲ್ಪ ಭಾರ. 2023ರ ಸೆಪ್ಟೆಂಬರ್‌ನಲ್ಲಿ ಅದು ಹಿಂದಿನ ಆವೃತ್ತಿಯಾದ ಸಿಎಸ್‌ಗೋ ಜಾಗಕ್ಕೆ ಬಂದಾಗ ಹಳೆ ಕಂಪ್ಯೂಟರ್‌ಗಳು ತಿಣುಕಿದವು. ಡಿಸ್ಕ್‌ನಲ್ಲಿ 85 ಜಿಬಿ ಜಾಗವನ್ನೂ ಕೇಳುತ್ತದೆ. ಆದರೂ ಸೆಟ್ಟಿಂಗ್ ಇಳಿಸಿಕೊಂಡರೆ ಸಾಧಾರಣ ಕಂಪ್ಯೂಟರ್‌ನಲ್ಲಿ ಆಡಬಹುದು. ಕಥೆ ಇರುವ ದೊಡ್ಡ ದೊಡ್ಡ ಆಟಗಳನ್ನು ಎಲ್ಲಾ ಹೈ ಸೆಟ್ಟಿಂಗ್‌ನಲ್ಲಿ ನೋಡಬೇಕು ಅನ್ನುವವರಿಗೆ ಈ ಬರಹ ಸಾಲದು. ಅವರಿಗೆ ಕಾರ್ಡ್ ಬೇಕೇ ಬೇಕು.

ಆನ್‌ಲೈನ್ ಆಟದಲ್ಲಿ ಗೆಲುವು ಸೋಲು ಬಹಳ ಮಟ್ಟಿಗೆ ಪಿಂಗ್ ಮೇಲಿದೆ. ನೀವು ಗುಂಡಿ ಒತ್ತಿದ್ದು ಸರ್ವರ್‌ಗೆ ಮುಟ್ಟಿ, ಉತ್ತರ ವಾಪಸ್ ಬರಲು ಹಿಡಿಯುವ ಸಮಯವೇ ಪಿಂಗ್. ವ್ಯಾಲರಂಟ್‌ಗೂ ಕೌಂಟರ್ ಸ್ಟ್ರೈಕ್‌ಗೂ ಮುಂಬೈಯಲ್ಲಿ ಸರ್ವರ್ ಇದೆ. ಬಳ್ಳಾರಿಯಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 600 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಹೋಗಿ ಬರೋಕೆ 6 ಮಿಲಿಸೆಕೆಂಡ್ ಸಾಕು. ಆದರೆ ನಮ್ಮ ಲೈನ್ ನೇರ ಹೋಗುವುದಿಲ್ಲ. ಬೆಂಗಳೂರು, ಹೈದರಾಬಾದ್, ಚೆನ್ನೈ ಅಂತ ಸುತ್ತಿ, ನಡುವೆ ಹತ್ತಾರು ಕಡೆ ನಿಂತು ಹೋಗುತ್ತದೆ. ನನ್ನ ಮನೆಯಲ್ಲಿ 30ರಿಂದ 40 ಬರುತ್ತದೆ. ಅಷ್ಟು ಇದ್ದರೆ ಆಟ ಚೆನ್ನಾಗಿಯೇ ನಡೆಯುತ್ತದೆ.

ಇಲ್ಲಿ ಜನ ಸ್ಪೀಡ್‌ಗೆ ದುಡ್ಡು ಕೊಡುತ್ತಾರೆ. 300 ಎಂಬಿಪಿಎಸ್ ಪ್ಲಾನ್ ಹಾಕಿಸಿದರೆ ಪಿಂಗ್ ಕಡಿಮೆ ಆಗುತ್ತದೆ ಅನ್ನುವ ನಂಬಿಕೆ. ಆಡುವಾಗ ಹೋಗಿಬರುವ ಡೇಟಾ ತೀರಾ ಕಡಿಮೆ. 30, 40 ಎಂಬಿಪಿಎಸ್ ಇದ್ದರೂ ಧಾರಾಳ ಸಾಕು. ಜಾಸ್ತಿ ಸ್ಪೀಡ್ ಬೇಕಾಗುವುದು ಅಪ್‌ಡೇಟ್ ಇಳಿಸುವಾಗ ಮಾತ್ರ. ಬೇಕಾದ್ದು ಅಲುಗಾಡದ ಲೈನ್. ಒಮ್ಮೆ 35, ಮರುಕ್ಷಣ 180 ಆದರೆ ಎಷ್ಟು ದುಬಾರಿ ಕಾರ್ಡ್ ಇದ್ದರೂ ಏನೂ ಮಾಡಲಾಗುವುದಿಲ್ಲ. ಹಾಗಾಗಿ ಮನೆವರೆಗೆ ತಂತಿಯಲ್ಲೇ ಬರುವ ಫೈಬರ್ ಸಿಗುವುದಾದರೆ ಅದನ್ನೇ ಹಾಕಿಸಿ. ಗಾಳಿಯಲ್ಲಿ ಬರುವ 5ಜಿ ಸಂಪರ್ಕ ಸಿನಿಮಾ ನೋಡೋಕೆ ಚೆಂದ, ಆದರೆ ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ಪಿಂಗ್ ಏರಿಳಿಯುತ್ತದೆ. ಪಕ್ಕದ ಮನೆಯವರ ಲೈನ್ ಹೇಗಿದೆ ಅಂತ ರಾತ್ರಿ 9ರ ಹೊತ್ತಿಗೆ ನೋಡಿ. ಹಗಲು ಹೊತ್ತು ನೋಡಿದರೆ ಗೊತ್ತಾಗುವುದಿಲ್ಲ.

ರೌಟರ್‌ನಿಂದ ಕಂಪ್ಯೂಟರ್‌ಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಅಣ್ಣನ ಮನೆಯಲ್ಲಿ ರೌಟರ್ ಹಾಲ್‌ನಲ್ಲಿದೆ, ಹುಡುಗನ ಕೋಣೆ ಹಿಂದೆ. ನಡುವೆ ಎರಡು ಗೋಡೆ. ಗೋಡೆಯ ಅಂಚಿಗೆ ಕ್ಯಾಟ್ 6 ಕೇಬಲ್ ಹೊಡೆಸಿದೆವು. ಇಡೀ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬರದಷ್ಟು ಚಿಕ್ಕದು, ಆದರೆ ವೈಫೈನಲ್ಲಿ ಕುಣಿಯುತ್ತಿದ್ದ ಪಿಂಗ್ ಸುಮ್ಮನೆ ಒಂದು ಕಡೆ ನಿಂತಿತು.

ಈಗ ಕರೆಂಟ್ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ನಮ್ಮ ಪಕ್ಕದ ಕುಡತಿನಿಯಲ್ಲಿ 1700 ಮೆಗಾವ್ಯಾಟ್‌ನ ಥರ್ಮಲ್ ಸ್ಟೇಷನ್ ಇದೆ. ಆದರೂ ಬೇಸಿಗೆ ಸಂಜೆ, ಎಲ್ಲರ ಮನೆಯಲ್ಲೂ ಕೂಲರ್ ಶುರುವಾದಾಗ, ನಮ್ಮ ಓಣಿಯಲ್ಲಿ ವೋಲ್ಟೇಜ್ 230 ಇರುವುದಿಲ್ಲ. ಮೀಟರ್ ಇಟ್ಟರೆ 190 ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಮಳೆಗಾಲದ ಮೊದಲ ಗಾಳಿಗೆ ಕರೆಂಟ್ ಹೋಗಿ, ಬಂದು, ಮತ್ತೆ ಹೋಗುತ್ತದೆ. ಕಂಪ್ಯೂಟರ್ ಒಳಗೆ ಈ ಏಟನ್ನೆಲ್ಲ ಮೊದಲು ತಿನ್ನುವುದು ಎಸ್‌ಎಂಪಿಎಸ್. ಅದು ಕೆಟ್ಟದ್ದಾಗಿದ್ದರೆ ತಾನು ಸಾಯುವಾಗ ಎಲ್ಲಾ ಭಾಗ ಕೂರುವ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆಗೇ ಒಂದು ಎಸ್‌ಎಂಪಿಎಸ್ ಕೊಡುತ್ತಾರೆ. ಮೇಲೆ 450 ವ್ಯಾಟ್ ಅಂತ ಚೀಟಿ ಇರುತ್ತದೆ. ಕೈಯಲ್ಲಿ ಹಿಡಿದರೆ ಹಗುರ. ಅದು ಆಫೀಸ್ ಕೆಲಸಕ್ಕೆ ಸರಿ, ಗೇಮ್‌ಗೆ ಬೇಡ. ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಬ್ರಾಂಝ್ ಗುರುತು ಇರುವ, ಒಳ್ಳೆ ಕಂಪನಿಯ 550 ವ್ಯಾಟ್‌ನದನ್ನು ಬೇರೆಯಾಗಿ ತಗೊಳ್ಳಿ. 4 ಸಾವಿರದ ಆಸುಪಾಸು ಆಗುತ್ತದೆ. ತಗೊಳ್ಳುವಾಗ ಪಕ್ಕದ ಚೀಟಿಯಲ್ಲಿ ಇನ್‌ಪುಟ್ ಎಷ್ಟು ಅಂತ ಓದಿ. ಕೆಲವದರ ಮೇಲೆ 200-240 ವೋಲ್ಟ್ ಅಂತ ಇರುತ್ತದೆ, ಕೆಲವದರ ಮೇಲೆ 100-240. ಎರಡನೆಯದು ಲೋ ವೋಲ್ಟೇಜ್ ಬಂದರೂ ಅಂಜುವುದಿಲ್ಲ. ನಮ್ಮೂರಿಗೆ ಅದೇ ಬೇಕು. ಅಂಗಡಿಯ ಹುಡುಗ "ಅಕ್ಕ, ಎರಡೂ ಒಂದೇ ರೀ" ಅಂದ. ನಾನು ಡಬ್ಬಿ ತಿರುಗಿಸಿ ಚೀಟಿ ತೋರಿಸಿದೆ. ಅವನೂ ಓದಿ ನೋಡಿ, ಒಳಗಿನಿಂದ ಇನ್ನೊಂದು ತಂದ.

ಯುಪಿಎಸ್ ಆಡುವವರಿಗೆ ಐಷಾರಾಮ ಅಲ್ಲವೇ ಅಲ್ಲ. ವ್ಯಾಲರಂಟ್‌ನಲ್ಲಿ ಕಾಂಪಿಟಿಟಿವ್ ಆಟದ ಮಧ್ಯೆ ಎದ್ದು ಹೋದರೆ ಶಿಕ್ಷೆ ಬೀಳುತ್ತದೆ. ನೀವಾಗಿ ಹೋದಿರೋ, ಕರೆಂಟ್ ಹೋಯಿತೋ ಸರ್ವರ್‌ಗೆ ಗೊತ್ತಾಗುವುದಿಲ್ಲ. ಜೊತೆಗೆ ಆಡುತ್ತಿದ್ದ ನಾಲ್ಕು ಜನರ ಆಟವೂ ಹಾಳು. ಕಾರ್ಡ್ ಇಲ್ಲದ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಆಡುವಾಗ ಎಳೆಯುವುದು 150 ವ್ಯಾಟ್ ಒಳಗೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ, ಕೆಲವು ನಿಮಿಷ ತಡೆಯುತ್ತದೆ. ಮುಂದೆ ಕಾರ್ಡ್ ಹಾಕುವ ಯೋಚನೆ ಇದ್ದರೆ ಈಗಲೇ 1000 ವಿಎ ತಗೊಳ್ಳುವುದು ಲೇಸು. ನಾವು ಹಾಗೇ ಮಾಡಿದೆವು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇದೆಯಾ ನೋಡಿ. ಅದನ್ನು ಹಾಕಿದರೆ ಕರೆಂಟ್ ಹೋದಾಗ ಬೇಗ ಬದಲಾಗುತ್ತದೆ, ಎಷ್ಟೋ ಸಲ ಕಂಪ್ಯೂಟರ್ ಆಫ್ ಆಗುವುದಿಲ್ಲ. ಇನ್ನೊಂದು ವಿಷಯ, ರೌಟರನ್ನು ಮರೆಯಬೇಡಿ. ಕಂಪ್ಯೂಟರ್ ಉಳಿದು ರೌಟರ್ ಆರಿದರೆ ಏನು ಬಂತು? 12 ವೋಲ್ಟ್‌ನ ಚಿಕ್ಕ ರೌಟರ್ ಯುಪಿಎಸ್ ಸಿಗುತ್ತದೆ. ಹಾಲ್‌ನಲ್ಲಿ ಅದನ್ನು ಹಾಕಿಸಿದೆವು.

ಅರ್ಥಿಂಗ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಚಾಲೂ ಇರುವ ಕ್ಯಾಬಿನೆಟ್‌ನ ಹಿಂದಿನ ಸ್ಕ್ರೂ ಮೇಲೆ ಬರಿ ಬೆರಳು ಇಟ್ಟಾಗ ಜುಂ ಅಂದಿದೆಯಾ? ನಮ್ಮ ಕಡೆ ಎಷ್ಟೋ ಮನೆಯಲ್ಲಿ ಅನ್ನುತ್ತದೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ, ಕರೆಂಟ್‌ನಲ್ಲಿನ ಗದ್ದಲ (ನಾಯ್ಸ್) ಸೋಸಲು. ಅರ್ಥ್ ತಂತಿ ಸರಿ ಇದ್ದರೆ ಅಲ್ಲಿ ಸೋರುವ ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೈಮೇಲೆ ಸರಿಸುಮಾರು ಅರ್ಧ ವೋಲ್ಟೇಜ್, ಅಂದರೆ 115ರ ಹತ್ತಿರ, ನಿಂತಿರುತ್ತದೆ. ಕರೆಂಟ್ ತೀರಾ ಸಣ್ಣದು, ಬರೀ ಜುಂ ಅನ್ನುತ್ತದೆ. ಆದರೆ ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಪೋರ್ಟ್ ಸುಟ್ಟುಹೋಗಬಹುದು. ಅಣ್ಣನ ಮನೆ ಗುಡ್ಡದ ಕಡೆ ಇದೆ, ಕೆಳಗೆಲ್ಲ ಬಂಡೆ, ಮಣ್ಣು ತೆಳು. ಎಲೆಕ್ಟ್ರಿಷಿಯನ್ ಬಂದು ಹೋಲ್ಡರ್‌ಗೆ ಬಲ್ಬ್ ಹಾಕಿ ಫೇಸ್‌ಗೂ ಅರ್ಥ್‌ಗೂ ಹಿಡಿದ. ಬಲ್ಬ್ ಮಿಣುಕು ಮಿಣುಕು ಅಂದಿತು. ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಇದ್ದಿಲು, ಉಪ್ಪು ಹಾಕಿ, ಕೊಡಗಟ್ಟಲೆ ನೀರು ಹೊಯ್ದ ಮೇಲೆ ಮತ್ತೆ ಹಿಡಿದಾಗ ಝಗ್ ಅಂತ ಉರಿಯಿತು. "ಬ್ಯಾಸಿಗಿಯೊಳಗ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕ್ರಿ" ಅಂತ ಹೇಳಿ ಹೋದ. ಕಂಪ್ಯೂಟರ್ ಬರುವ ಮುಂಚೆಯೇ ಈ ಕೆಲಸ ಮುಗಿಸಿದೆವು.

ಶಖೆ, ಧೂಳು ಎರಡೂ ಜೊತೆಜೊತೆಗೇ ಬರುತ್ತವೆ. ನಮ್ಮ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ, ಆರ್‌ಸಿಸಿ ಮನೆಯೊಳಗೆ ರಾತ್ರಿಯೂ 36, 37 ಇರುತ್ತದೆ. ಫ್ಯಾನ್ ಎಂದೂ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿ ಕೋಣೆಯಲ್ಲಿ 70ಕ್ಕೆ ನಿಲ್ಲುವ ಅದೇ ಪ್ರೊಸೆಸರ್ ನಮ್ಮಲ್ಲಿ 82ರ ಹತ್ತಿರ ಹೋಗುತ್ತದೆ. ಅದರ ಮೇಲೆ ಧೂಳು ಕೂತರೆ ಇನ್ನಷ್ಟು. ಒಂದು ಮಿತಿ ಮುಟ್ಟಿದ ಮೇಲೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಟ ಶುರುವಿನಲ್ಲಿ ಚೆನ್ನಾಗಿದ್ದು, ಅರ್ಧ ಗಂಟೆ ಆದ ಮೇಲೆ ಎಳೆಯುತ್ತದೆ ಅಂತ ಹೇಳುವವರಲ್ಲಿ ಬಹಳ ಜನರ ಕಂಪ್ಯೂಟರ್‌ನಲ್ಲಿ ಇದೇ ಆಗಿರುತ್ತದೆ.

ನಮ್ಮ ಯೂನಿಟ್ ಆಫೀಸಿನ ಕಂಪ್ಯೂಟರನ್ನು ಕಳೆದ ಬೇಸಿಗೆಯಲ್ಲಿ ನಾನು ಬಿಚ್ಚಿದೆ. ಫ್ಯಾನ್ ತೆಗೆದಾಗ ಕೆಳಗಿನ, ಪ್ರೊಸೆಸರ್ ಶಾಖ ಹೀರುವ ಹೀಟ್‌ಸಿಂಕ್ ಕಾಣಲೇ ಇಲ್ಲ. ಅಲ್ಯೂಮಿನಿಯಂ ಎಸಳುಗಳ ಮೇಲೆ ಕಂಬಳಿಯಂತೆ ಒಂದು ಪದರ ಕೂತಿತ್ತು. ಮೇಲೆ ನೀಲಿ, ಅದು ಡೆನಿಮ್ ಕತ್ತರಿಸುವಾಗ ಹಾರುವ ನಾರು. ಕೆಳಗೆ ಕೆಂಪು, ಅದಿರು ಲಾರಿಗಳು ಓಡಾಡುವ ರಸ್ತೆಯ ಧೂಳು. ಉಗುರಿನಿಂದ ಎಬ್ಬಿಸಿದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು. ಅದನ್ನು ತೆಗೆದ ಮೇಲೆ ಪ್ರೊಸೆಸರ್ ಶಾಖ ಎದ್ದುಕಾಣುವಷ್ಟು ಇಳಿಯಿತು, ಫ್ಯಾನ್ ಸದ್ದೂ ಕಡಿಮೆಯಾಯಿತು.

ಇದಕ್ಕೇ ಕ್ಯಾಬಿನೆಟ್ ಆರಿಸುವಾಗ ಮುಂದೆ ಪೂರ್ತಿ ಗಾಜು ಇರುವುದನ್ನು ಬಿಟ್ಟೆ. ಹುಡುಗನಿಗೆ ಅದರ ಬಣ್ಣಬಣ್ಣದ ಲೈಟು ಬಹಳ ಇಷ್ಟವಾಗಿತ್ತು. "ಅತ್ತೆ, ಇದು ಮಸ್ತ್ ಐತಿ" ಅಂತ ಅದರ ಮುಂದೆಯೇ ನಿಂತಿದ್ದ. ಗಾಜಿನ ಮುಂದೆ ಗಾಳಿ ಒಳಗೆ ಹೋಗಲು ಜಾಗ ಇರುವುದಿಲ್ಲ ಅಂತ ಕೈಯಿಟ್ಟು ತೋರಿಸಿದೆ. ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವುದನ್ನು ತಗೊಂಡೆವು. ಮುಂದೆ ಎರಡು ಫ್ಯಾನ್ ಗಾಳಿ ಎಳೆಯುತ್ತವೆ, ಹಿಂದೆ ಒಂದು ಹೊರಗೆ ಹಾಕುತ್ತದೆ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದುಗೊಂದಿನಿಂದ ಧೂಳು ನುಗ್ಗುವುದು ಕಡಿಮೆ. ಕ್ಯಾಬಿನೆಟ್ ನೆಲದ ಮೇಲೆ ಇಡಬೇಡಿ, ಕಸ ಗುಡಿಸಿದ್ದೆಲ್ಲ ಒಳಗೆ ಹೋಗುತ್ತದೆ. ಕೂಲರ್ ಎದುರಿಗಂತೂ ಇಡಲೇಬೇಡಿ. ಕೂಲರ್‌ನ ಹನಿ ಮತ್ತು ಕೆಂಪು ಧೂಳು ಸೇರಿದರೆ ಒಳಗೆ ಕೆಸರಾಗಿ ಅಂಟುತ್ತದೆ. ಬ್ಲೋವರ್‌ನಿಂದ ಊದುವಾಗ ಫ್ಯಾನ್ ತಿರುಗದ ಹಾಗೆ ಒಂದು ಬೆರಳು ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಇಷ್ಟಕ್ಕೆಲ್ಲ ದುಡ್ಡು ತೆಗೆದಿಟ್ಟ ಮೇಲೆ ಪ್ರೊಸೆಸರ್ ಆಯ್ಕೆ ಸುಲಭವಾಯಿತು. ಎಎಂಡಿ ರೈಝನ್ 5 5600ಜಿ. 2021ರದ್ದು, ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೆ ಹನ್ನೆರಡು ಕೆಲಸ ನಡೆಸಬಲ್ಲದು), 65 ವ್ಯಾಟ್. ಗ್ರಾಫಿಕ್ಸ್ ಅದರೊಳಗೇ ಇದೆ. ಇಂಟೆಲ್‌ನ ಐ3 12100ಎಫ್ ಕೂಡ ಒಳ್ಳೆ ಪ್ರೊಸೆಸರ್, ಬೆಲೆಯೂ ಕಡಿಮೆ. ಆದರೆ ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಮೂಡುವುದಿಲ್ಲ. ನಮ್ಮ ದುಡ್ಡಿನಲ್ಲಿ ಆ ಕಾರ್ಡ್ ತಗೊಂಡರೆ ಯುಪಿಎಸ್, ಒಳ್ಳೆ ಎಸ್‌ಎಂಪಿಎಸ್ ಎರಡನ್ನೂ ಬಿಡಬೇಕಾಗುತ್ತಿತ್ತು. ಹೊಸ 8600ಜಿ ಗ್ರಾಫಿಕ್ಸ್ ಇನ್ನೂ ಜೋರು. ಅದಕ್ಕೆ ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ (ಕಂಪ್ಯೂಟರ್ ಓಡುವಾಗ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಕಣ್ಣಿಗೆ ರಾಚುವಷ್ಟು ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿವೆ. ಅದರ ಬಿಸಿ ಬಳ್ಳಾರಿಯ ಹುಡುಗನಿಗೂ ತಟ್ಟಿತು.

ರ‍್ಯಾಮ್ ತುಟ್ಟಿ ಅಂತ ಒಂದೇ 16 ಜಿಬಿ ಕಡ್ಡಿ ಹಾಕೋಣ ಅಂದರು ಅಂಗಡಿಯವರು. ಬೇಡ ಅಂದೆ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಬಳಸುತ್ತದೆ. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಎರಡು ದಾರಿಯಲ್ಲಿ ಡೇಟಾ ಹರಿಯುತ್ತದೆ, ಆಟದಲ್ಲಿ ಫ್ರೇಮ್ ಸ್ಪಷ್ಟವಾಗಿ ಜಾಸ್ತಿಯಾಗುತ್ತದೆ. ಇಂಥ ಪ್ರೊಸೆಸರ್ ತಗೊಂಡು ಒಂದೇ ಕಡ್ಡಿ ಹಾಕುವುದು ಕೊಟ್ಟ ದುಡ್ಡನ್ನು ಚರಂಡಿಗೆ ಚೆಲ್ಲಿದ ಹಾಗೆಯೇ. ಮದರ್‌ಬೋರ್ಡ್ ಬಿ550 ಬಗೆಯದು. ಪ್ರೊಸೆಸರ್ ಪಕ್ಕದ ಪವರ್ ಭಾಗದ ಮೇಲೆ ಹೀಟ್‌ಸಿಂಕ್ ಇರುವುದನ್ನೇ ಆರಿಸಿದೆ, ಶಖೆಗಾಗಿ. ಆಟ, ಫೈಲ್ ಉಳಿಸಿಡಲು 500 ಜಿಬಿಯ ವೇಗದ ಡಿಸ್ಕ್, ಎನ್‌ವಿಎಂಇ ಎಸ್‌ಎಸ್‌ಡಿ. 22 ಇಂಚಿನ 100 ಹರ್ಟ್ಸ್ ಮಾನಿಟರ್, ಅಂದರೆ ಸೆಕೆಂಡಿಗೆ 100 ಸಲ ಚಿತ್ರ ಬದಲಿಸುವಂಥದ್ದು. ಕೀಬೋರ್ಡ್ ಸಾದಾ, ಮೌಸ್ ಮಾತ್ರ ಅವನ ಕೈಗೆ ಹಿಡಿಸಿ ನೋಡಿ ತಗೊಂಡೆವು. ಅಣ್ಣ ಹಾಕಿದ ಗೆರೆ ದಾಟಲಿಲ್ಲ.

ಮಧ್ಯೆ ಹುಡುಗ ಫೋನಲ್ಲಿ ಒಂದು ಜಾಹೀರಾತು ತೋರಿಸಿದ. ಹಳೆ ಆಫೀಸ್ ಕಂಪ್ಯೂಟರ್, ಇಂಟೆಲ್‌ನ ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್, ಜಿಟಿ 730 ಗ್ರಾಫಿಕ್ಸ್ ಕಾರ್ಡ್, ಹೊಸ ಲೈಟಿನ ಕ್ಯಾಬಿನೆಟ್, ಗೇಮಿಂಗ್ ಪಿಸಿ ಅಂತ ಹೆಸರು. ನಮ್ಮ ಬಜೆಟ್‌ನ ಅರ್ಧಕ್ಕಿಂತ ಕಡಿಮೆ. ಇಂಥದ್ದಕ್ಕೆ ಬಹಳ ಹುಡುಗರು ಬೀಳುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮೇಲಿನದು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಎಲ್ಲ ಇರಬೇಕು. ಏನೋ ಮಾಡಿ ವಿಂಡೋಸ್ 11 ತುರುಕಿದರೂ ವ್ಯಾಲರಂಟ್‌ನಲ್ಲಿ ಕಳ್ಳಾಟ ತಡೆಯುವ ಕಾವಲುಗಾರ ವ್ಯಾನ್‌ಗಾರ್ಡ್, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಇಲ್ಲದೆ ಆಟ ತೆರೆಯಲು ಬಿಡುವುದಿಲ್ಲ. ಜಿಟಿ 730ಕ್ಕಿಂತ 5600ಜಿ ಒಳಗಿನ ಗ್ರಾಫಿಕ್ಸೇ ಜೋರು. ಬಜೆಟ್ ನಿಜವಾಗಿಯೂ ತೀರಾ ಕಡಿಮೆ ಇದ್ದರೆ ಎಂಟನೇ ಜನರೇಷನ್ ಅಥವಾ ಆಮೇಲಿನ ಹಳೆ ಆಫೀಸ್ ಕಂಪ್ಯೂಟರ್ ನೋಡಿ. ಅದರಲ್ಲೂ ಚಪ್ಪಟೆ ಡಬ್ಬಿ ಬೇಡ, ಎತ್ತರದ ಟವರ್ ಇರಲಿ. ಚಪ್ಪಟೆಯದರಲ್ಲಿ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ, ಎಸ್‌ಎಂಪಿಎಸ್ ಕೂಡ ಆ ಕಂಪನಿಯದ್ದೇ ಬೇಕು.

ಎಲ್ಲಿ ತಗೊಳ್ಳಬೇಕು? ನಮ್ಮ ಕಡೆಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗುತ್ತಾರೆ, ರಾಯಚೂರಿನವರಿಗೆ ಸಿಕಂದರಾಬಾದ್ ಹತ್ತಿರ. ಅಲ್ಲಿ ಬೆಲೆ ಕಡಿಮೆ, ಆಯ್ಕೆ ಜಾಸ್ತಿ, ನಿಜ. ನಾನು ಊರಲ್ಲೇ ತಗೊಂಡೆ. ಬಿಡಿಭಾಗಗಳಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ. ಕೆಟ್ಟಾಗ ಸರ್ವಿಸ್ ಸೆಂಟರ್‌ಗೆ ಕಳಿಸಿ ತರಿಸುವ ಓಡಾಟವನ್ನು ಊರಿನ ಅಂಗಡಿಯವರು ಮಾಡುತ್ತಾರೆ. ಪಿಯುಸಿ ಹುಡುಗ ಬೋರ್ಡ್ ಹಿಡಿದುಕೊಂಡು ಬೆಂಗಳೂರಿಗೆ ಹೋಗಲಾಗುತ್ತದೆಯೇ? ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಮಾಡುತ್ತೇವೆ ಅನ್ನುವ ಮಾತು ಎಲ್ಲಾ ಕಡೆ ಬರುತ್ತದೆ. 18 ಪರ್ಸೆಂಟ್ ಜಿಎಸ್‌ಟಿ ಉಳಿಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ, ಖಾಲಿ ಡಬ್ಬಿಗಳನ್ನೂ ಮನೆಗೆ ತನ್ನಿ. ಅವರು ಜೋಡಿಸುತ್ತಿದ್ದಾಗ ಹುಡುಗನನ್ನು ಪಕ್ಕದಲ್ಲೇ ನಿಲ್ಲಿಸಿದೆ, ಯಾವುದು ಎಲ್ಲಿ ಕೂರುತ್ತದೆ ಅಂತ ನೋಡಿಕೊಳ್ಳಲಿ ಅಂತ. ನಾನು ಎದುರಿನ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬಂದೆ, ಎಲ್ಲರೂ ತಿಂದೆವು.

ಮನೆಗೆ ತಂದ ಮೇಲೆ ಮಾಡಬೇಕಾದ ಕೆಲವು ಕೆಲಸ ಇವೆ. ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ, ಅಂದರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. 3200 ವೇಗದ ರ‍್ಯಾಮ್ ತಂದಿದ್ದರೂ ಅದನ್ನು ಆನ್ ಮಾಡದಿದ್ದರೆ ನಿಧಾನವಾಗಿ ಓಡುತ್ತಿರುತ್ತದೆ. ಅಲ್ಲೇ ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಇವೆಯಾ ನೋಡಿ. ವಿಂಡೋಸ್ ಹಾಕಿಸುವಾಗ ಯುಇಎಫ್‌ಐ ಅನ್ನುವ ಹೊಸ ಬೂಟ್ ಮೋಡ್‌ನಲ್ಲೇ ಹಾಕಿ ಅಂತ ಹೇಳಿ. ಹಳೆ ಲೆಗಸಿ ಮೋಡ್‌ನಲ್ಲಿ ಹಾಕಿಬಿಟ್ಟರೆ ಆಟ ತೆರೆಯುವಾಗ ವ್ಯಾನ್ 9001 ಅಥವಾ 9003 ಅನ್ನುವ ಎರರ್ ಬರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ 100 ಹರ್ಟ್ಸ್‌ಗೆ ಇದೆಯಾ ನೋಡಿ. ವಿಂಡೋಸ್ ಎಷ್ಟೋ ಸಲ ಸುಮ್ನೆ 60ಕ್ಕೆ ಬಿಟ್ಟಿರುತ್ತದೆ.

ಈಗ ಅವನ ಕಂಪ್ಯೂಟರ್‌ನಲ್ಲಿ ವ್ಯಾಲರಂಟ್ ಲೋ ಸೆಟ್ಟಿಂಗ್‌ನಲ್ಲಿ 100 ಫ್ರೇಮ್ ದಾಟಿಯೇ ಇರುತ್ತದೆ. ಕೌಂಟರ್ ಸ್ಟ್ರೈಕ್‌ನಲ್ಲಿ ರೆಸಲ್ಯೂಷನ್ ಸ್ವಲ್ಪ ಇಳಿಸಿಕೊಂಡು ಆಡುತ್ತಾನೆ. ಕಾರ್ಡ್ ಯಾವಾಗ ಅಂತ ಕೇಳಲು ಶುರು ಮಾಡಿದ್ದಾನೆ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯಲಿ, ನೋಡೋಣ ಅಂದಿದ್ದೇನೆ. ಆರ್‌ಟಿಎಕ್ಸ್ 3050ಯ 6 ಜಿಬಿ ಕಾರ್ಡ್ 70 ವ್ಯಾಟ್‌ನಲ್ಲಿ ಓಡುತ್ತದೆ, ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ಪವರ್ ತಂತಿ ಬೇಡ. ಆರ್‌ಎಕ್ಸ್ 6600 ಅದಕ್ಕಿಂತ ಜೋರು, 132 ವ್ಯಾಟ್, ನಮ್ಮ ಎಸ್‌ಎಂಪಿಎಸ್‌ಗೂ ಯುಪಿಎಸ್‌ಗೂ ಅದೂ ಭಾರವಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದನ್ನೇ ತಗೊಳ್ಳುವ ಆಸೆ ನನಗೂ ಇದೆ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡ್‌ಗಳನ್ನು ಓಡಿಸಿ ಡಿಜಿಟಲ್ ಹಣ ಗಳಿಸುವ ಕೆಲಸ) ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದಿವೆ. ಆದ್ದರಿಂದ ಕಂಪ್ಯೂಟರ್‌ಗೆ ಹಾಕಿ, ಅರ್ಧ ಗಂಟೆ ಆಟ ಓಡಿಸಿ, ಶಾಖ ಎಷ್ಟು ಏರುತ್ತದೆ, ಫ್ಯಾನ್ ಎರಡೂ ತಿರುಗುತ್ತವೆಯಾ, ಪರದೆ ಮೇಲೆ ಚುಕ್ಕಿ ಗೆರೆ ಮೂಡುತ್ತವೆಯಾ ಅಂತ ನೋಡಿದ ಮೇಲೆಯೇ ದುಡ್ಡು. ಮಾರುವವರು ಅಷ್ಟು ಹೊತ್ತು ಕಾಯಲು ಒಪ್ಪದಿದ್ದರೆ ಆ ಕಾರ್ಡ್ ನಮಗೆ ಬೇಡ.